ಎಣಿಸಿಟ್ಟ ಓಟಗಳು

ನಮಸ್ಕಾರ. 2024ರ ಡಿಸೆಂಬರ್ 31ರಂದು ಅರಿಜೋನಾದ ಗ್ಲೆಂಡೇಲ್‌ನಲ್ಲಿ ನಡೆದ, ಕಾಲೇಜು ಮಟ್ಟದ ಅಮೆರಿಕನ್ ಫುಟ್‌ಬಾಲ್‌ನ ಫಿಯೆಸ್ಟಾ ಬೌಲ್ ಪಂದ್ಯದಲ್ಲಿ ಬಾಯ್ಸಿ ಸ್ಟೇಟ್ ವಿಶ್ವವಿದ್ಯಾಲಯದ ಆಶ್ಟನ್ ಜೆಂಟಿ 30 ಬಾರಿ ಚೆಂಡು ಹೊತ್ತು ಓಡಿ 104 ಗಜ ಗಳಿಸಿದರು. ತಂಡ ಪೆನ್ ಸ್ಟೇಟ್ ಎದುರು 31–14ರಿಂದ ಸೋತಿತು. ಅವರ ಆ ಋತುವಿನ ಮೊತ್ತ 2,601 ಗಜಕ್ಕೆ ನಿಂತಿತು. 1988ರಲ್ಲಿ ಬ್ಯಾರಿ ಸ್ಯಾಂಡರ್ಸ್ ಬರೆದ 2,628 ಗಜಗಳ ದಾಖಲೆಗೆ 27 ಗಜ ಕಡಿಮೆ. ಸ್ಯಾಂಡರ್ಸ್‌ಗೆ ಅದಕ್ಕೆ 11 ಪಂದ್ಯ ಸಾಕಾಗಿತ್ತು, ಜೆಂಟಿ 14 ಆಡಿದ್ದರು ಎಂದು ಹಲವರು ನೆನಪಿಸಿದರು. ನ್ಯಾಯವಾದ ಮಾತೇ. ಆದರೆ ನನ್ನ ಗಮನ ಹೋದದ್ದು ಇನ್ನೊಂದು ಅಂಕಿಯ ಮೇಲೆ: ಆ ಒಂದೇ ಋತುವಿನಲ್ಲಿ ಅವರು ಚೆಂಡು ಹೊತ್ತು ಓಡಿದ್ದು 374 ಬಾರಿ.

ಜೆಂಟಿಯಂತೆ ಚೆಂಡು ಹೊತ್ತು ಓಡುವ ಆಟಗಾರನಿಗೆ ರನ್ನಿಂಗ್ ಬ್ಯಾಕ್ ಎನ್ನುತ್ತಾರೆ. ಅವನ ಓಟ ಹೆಚ್ಚಾಗಿ ಕೊನೆಗೊಳ್ಳುವುದು ನೆಲಕ್ಕೆ ಬೀಳುವುದರಲ್ಲಿ. ನೂರು ಕಿಲೋ ಮೀರಿದ ಆಳುಗಳು ಎದುರಿನಿಂದಲೂ ಪಕ್ಕದಿಂದಲೂ ಬಂದು ಅಪ್ಪಳಿಸುವ ಈ ಕೆಲಸದಲ್ಲಿ ಮೊಣಕಾಲಿಗೂ ಕಣಕಾಲಿಗೂ ಒಂದು ಲೆಕ್ಕವಿರುತ್ತದೆ, ಆ ಲೆಕ್ಕ ಕಾಲೇಜಿನಲ್ಲಿಯೇ ಶುರುವಾಗುತ್ತದೆ. ಹೀಗಿದ್ದೂ, ಹೈಸ್ಕೂಲು ಮುಗಿದು ಮೂರು ವರ್ಷ ಕಳೆಯದೆ ಯಾರೂ ಈ ಆಟದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ಗೆ ಕಾಲಿಡುವಂತಿಲ್ಲ.

ಈ ನಿಯಮವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದವರು ರನ್ನಿಂಗ್ ಬ್ಯಾಕ್ ಮಾರಿಸ್ ಕ್ಲಾರೆಟ್. ಓಹಾಯೊ ಸ್ಟೇಟ್ ತಂಡವನ್ನು ಮೊದಲ ವರ್ಷದಲ್ಲಿಯೇ ರಾಷ್ಟ್ರೀಯ ಪ್ರಶಸ್ತಿಯವರೆಗೆ ಎಳೆದು ತಂದಿದ್ದ ಅವರು 2004ರಲ್ಲಿ ಕೆಳ ನ್ಯಾಯಾಲಯದಲ್ಲಿ ಗೆದ್ದು, ಮೇಲ್ಮನವಿಯಲ್ಲಿ ಸೋತರು. ಮರುವರ್ಷದ ಡ್ರಾಫ್ಟ್‌ನಲ್ಲಿ, ಅಂದರೆ ಎನ್‌ಎಫ್‌ಎಲ್ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಸುತ್ತುಗಳಲ್ಲಿ, ಡೆನ್ವರ್ ತಂಡ ಅವರನ್ನು ಮೂರನೇ ಸುತ್ತಿನ ಕೊನೆಯಲ್ಲಿ ಆರಿಸಿತು, ಋತು ಆರಂಭವಾಗುವ ಮೊದಲೇ ಕೈಬಿಟ್ಟಿತು. ಅವರ ಪತನಕ್ಕೆ ಅವರದೇ ತಪ್ಪುಗಳೂ ಕಾರಣವಾಗಿದ್ದವು, ಅದನ್ನು ಮುಚ್ಚಿಡಬೇಕಿಲ್ಲ.

ಎಳೆಯ ದೇಹಗಳನ್ನು ರಕ್ಷಿಸುವುದಕ್ಕಾಗಿ ಈ ನಿಯಮ ಎನ್ನುವ ವಾದವಿದೆ. ಹಾಗಾದರೆ ಮಾರ್ಕಸ್ ಲ್ಯಾಟಿಮೋರ್ ಅವರನ್ನು ಅದು ಯಾವುದರಿಂದ ರಕ್ಷಿಸಿತು? ಸೌತ್ ಕ್ಯಾರೊಲಿನಾ ತಂಡಕ್ಕೆ ಮೊದಲ ವರ್ಷದಲ್ಲಿಯೇ 1,197 ಗಜ ಓಡಿದ ಆ ಹುಡುಗ 2011ರಲ್ಲಿ ಒಂದು ಮೊಣಕಾಲನ್ನೂ 2012ರಲ್ಲಿ ಇನ್ನೊಂದನ್ನೂ ಕಾಲೇಜಿನ ಮೈದಾನದಲ್ಲಿಯೇ ಜಖಂ ಮಾಡಿಕೊಂಡರು. ಸ್ಯಾನ್ ಫ್ರಾನ್ಸಿಸ್ಕೊ ತಂಡ ನಾಲ್ಕನೇ ಸುತ್ತಿನಲ್ಲಿ ಆರಿಸಿಕೊಂಡಿತಾದರೂ, ಎನ್‌ಎಫ್‌ಎಲ್‌ನ ಒಂದೇ ಒಂದು ಪಂದ್ಯವನ್ನೂ ಆಡದೆ 2014ರಲ್ಲಿ ನಿವೃತ್ತರಾದರು.

ಆದ್ದರಿಂದಲೇ 2016ರ ಕೊನೆಯಲ್ಲಿ ಕಾಲೇಜು ರನ್ನಿಂಗ್ ಬ್ಯಾಕ್‌ಗಳಾದ ಕ್ರಿಶ್ಚಿಯನ್ ಮೆಕ್ಯಾಫ್ರಿ ಮತ್ತು ಲೆನಾರ್ಡ್ ಫೋರ್ನೆಟ್ ಋತುವಿನ ಕೊನೆಯ ತಮ್ಮ ಬೌಲ್ ಪಂದ್ಯಗಳಿಂದ ಹಿಂದೆ ಸರಿದಾಗ ಎದ್ದ 'ತಂಡದ್ರೋಹ'ದ ಕೂಗು ನನಗೆ ಅಂದೂ ಒಪ್ಪಿಗೆಯಾಗಲಿಲ್ಲ, ಇಂದೂ ಆಗುವುದಿಲ್ಲ. ಗಾಳಿ ಬಂದಾಗ ತೂರಿಕೊಳ್ಳುವವನನ್ನು ಬೈಯುವವರು ಅವನ ಕಣಜ ಬರಿದಾದ ದಿನ ಕಾಳು ಕೊಡಲು ಬರುವುದಿಲ್ಲ. 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರಿನ ಮೇಲೆ ಹಣ ಗಳಿಸಬಹುದಾಗಿದೆ. ಇದು ದೊಡ್ಡ ಬದಲಾವಣೆಯೇ ಹೌದು, ಆದರೆ ಮೊಣಕಾಲಿನ ಲೆಕ್ಕವನ್ನು ಅದು ತಿದ್ದುವುದಿಲ್ಲ.

ಎನ್‌ಎಫ್‌ಎಲ್‌ಗೆ ಬಂದ ಮೇಲಾದರೂ ನೆಮ್ಮದಿಯೇ? ರನ್ನಿಂಗ್ ಬ್ಯಾಕ್ ಟಾಡ್ ಗರ್ಲಿಯ ಜೊತೆ ರಾಮ್ಸ್ ತಂಡ 2018ರಲ್ಲಿ ನಾಲ್ಕು ವರ್ಷಗಳಿಗೆ 6 ಕೋಟಿ ಡಾಲರ್‌ವರೆಗಿನ ಹೊಸ ಒಪ್ಪಂದ ಮಾಡಿಕೊಂಡು, 2020ರ ಮಾರ್ಚ್‌ನಲ್ಲಿ ಅವರನ್ನು ಕೈಬಿಟ್ಟಿತು. 2013 ಮತ್ತು 2014ರ ಡ್ರಾಫ್ಟ್‌ಗಳ ಮೊದಲ ಸುತ್ತಿನಲ್ಲಿ ಒಬ್ಬನೇ ಒಬ್ಬ ರನ್ನಿಂಗ್ ಬ್ಯಾಕ್ ಕೂಡ ಆಯ್ಕೆಯಾಗಿರಲಿಲ್ಲ ಎಂಬುದನ್ನು ನೆನೆದರೆ, 2025ರ ಏಪ್ರಿಲ್‌ನಲ್ಲಿ ಲಾಸ್ ವೇಗಸ್ ರೈಡರ್ಸ್ ಜೆಂಟಿಯನ್ನು ಆರನೆಯವರಾಗಿ ಆರಿಸಿದ್ದು ಸಣ್ಣ ಸಂಗತಿಯಲ್ಲ. 2018ರಲ್ಲಿ ಸೇಕ್ವಾನ್ ಬಾರ್ಕ್ಲಿ ಎರಡನೆಯವರಾಗಿ ಆಯ್ಕೆಯಾದ ನಂತರ ಈ ಸ್ಥಾನದ ಆಟಗಾರನಿಗೆ ಅಷ್ಟು ಮೇಲಿನ ಮಣೆ ಸಿಕ್ಕಿರಲಿಲ್ಲ.

ಆದರೂ ಒಪ್ಪಂದವನ್ನು ಒಮ್ಮೆ ಬಿಡಿಸಿ ನೋಡಿ. ಮೊದಲ ಸುತ್ತಿನ ಆಟಗಾರನ ಒಪ್ಪಂದ ನಾಲ್ಕು ವರ್ಷದ್ದು; ಐದನೆಯದನ್ನು ಸೇರಿಸಿಕೊಳ್ಳುವ ಹಕ್ಕು ತಂಡದ್ದು, ಆಟಗಾರನದಲ್ಲ. ಜೆಂಟಿ ಹುಟ್ಟಿದ್ದು 2003ರ ಡಿಸೆಂಬರ್‌ನಲ್ಲಿ. ರೈಡರ್ಸ್ ಆ ಹಕ್ಕನ್ನು ಚಲಾಯಿಸಿದರೆ, ಅವರು ತಮ್ಮ ಬೆಲೆಯನ್ನು ಮೊದಲ ಬಾರಿಗೆ ಬೇರೆ ತಂಡಗಳ ಬಾಯಿಂದ ಕೇಳುವ ಹೊತ್ತಿಗೆ ಇಪ್ಪತ್ತಾರು ದಾಟಿರುತ್ತಾರೆ.