ಗಲ್ಲಾದ ಹಿಂದಿನ ಬೋರ್ಡ್

ಎಲ್ಲರಿಗೂ ನಮಸ್ಕಾರ.

ನನ್ನ ತಂಗಿಯ ಮಗ ಮುಂಬೈಯ ಮುಲುಂಡಿನಲ್ಲಿ ಹೋಟೆಲ್ ನಡೆಸುತ್ತಾನೆ. ಸಣ್ಣ ಹೋಟೆಲ್, 11 ಟೇಬಲ್. ಬೆಳಿಗ್ಗೆ ಇಡ್ಲಿ, ವಡೆ. ಸಂಜೆ ಪಾವ್ ಭಾಜಿ. ಚಹಾ ಮಾತ್ರ ದಿನವಿಡೀ. ಹೋದ ತಿಂಗಳು ಅಲ್ಲಿ ಒಂದು ಗಲಾಟೆ ಆಯಿತು. ಒಂದು ಪಕ್ಷದ ಶಾಲು ಹಾಕಿಕೊಂಡ ನಾಲ್ಕು ಜನ ಬಂದು ಕೂತರು. ಟೇಬಲ್ ಒರೆಸುವ ಜಾರ್ಖಂಡಿನ ಹುಡುಗ ಮರಾಠಿ ಬಿಟ್ಟು ಹಿಂದಿಯಲ್ಲಿ ಏನು ಬೇಕು ಎಂದು ಕೇಳಿದ. ಅಷ್ಟಕ್ಕೇ ಒಬ್ಬ ಎದ್ದು ಅವನ ಕಾಲರ್ ಹಿಡಿದ. 'ನೀವೆಲ್ಲ ನಿಮ್ಮ ನಿಮ್ಮ ಊರಿಗೆ ಹೋಗಿ' ಎಂದು ಕೂಗಾಡಿದ. ಉಳಿದವರು ಅವನನ್ನು ಎಳೆದು ಕೂರಿಸಿದರು. ತಿಂದರು, ಬಿಲ್ ಕೊಟ್ಟರು, ಹೋದರು.

ರಾತ್ರಿ ಅಳಿಯ ಫೋನ್ ಮಾಡಿದ. 'ಮಾವ, ನಾಳೆನೇ ಬೋರ್ಡ್ ಹಾಕ್ತೇನೆ. ಆ ಪಕ್ಷದವರು ಒಳಗೆ ಬರಬಾರದು. ನನ್ನ ಹೋಟೆಲ್, ನನ್ನ ಇಷ್ಟ, ಅಲ್ವಾ?'

ಅವನ ಸಿಟ್ಟು ನ್ಯಾಯವಾದದ್ದು. ನನಗೂ ಆ ರಾತ್ರಿ ನಿದ್ದೆ ಬರಲಿಲ್ಲ. ಆದರೂ ಬೋರ್ಡ್ ಹಾಕಬೇಡ ಎಂದೆ. ಯಾಕೆ ಹಾಗೆ ಹೇಳಿದೆ ಅನ್ನುವುದನ್ನು ನಿಮ್ಮ ಮುಂದೆ ಇಡಬೇಕು.

ಮುಂಬೈಯ ಹೋಟೆಲುಗಳಲ್ಲಿ ಗಲ್ಲಾದ ಹಿಂದೆ ಒಂದು ಬೋರ್ಡ್ ನೋಡಿರುತ್ತೀರಿ. 'ರೈಟ್ಸ್ ಆಫ್ ಅಡ್ಮಿಷನ್ ರಿಸರ್ವ್ಡ್.' ಅಂದರೆ ಯಾರನ್ನು ಒಳಗೆ ಬಿಡಬೇಕು ಅನ್ನುವ ಹಕ್ಕು ನಮ್ಮದು. ಇದನ್ನು ಹಾಕಿದರೆ ಮುಗಿಯಿತು, ಯಾರನ್ನು ಬೇಕಾದರೂ ಹೊರಗೆ ಕಳಿಸಬಹುದು ಎಂದು ತುಂಬಾ ಜನ ನಂಬಿದ್ದಾರೆ. ಅದು ತಪ್ಪು. ಸಂವಿಧಾನದ 15ನೇ ವಿಧಿಯ ಎರಡನೇ ಭಾಗ ಈ ವಿಷಯವನ್ನೇ ಹೇಳುತ್ತದೆ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಜಾಗ, ಇವುಗಳ ಕಾರಣಕ್ಕೆ ಯಾವ ನಾಗರಿಕನನ್ನೂ ಅಂಗಡಿ, ಹೋಟೆಲ್, ಮನರಂಜನೆಯ ಜಾಗಗಳಿಂದ ತಡೆಯುವ ಹಾಗಿಲ್ಲ. ಸರ್ಕಾರದ ಮೇಲೆ ಮಾತ್ರ ಅಲ್ಲ, ನನ್ನ ನಿಮ್ಮಂಥ ಖಾಸಗಿ ವ್ಯಾಪಾರದವರ ಮೇಲೂ ಇದು ನಿಲ್ಲುತ್ತದೆ.

ಈ ಸಾಲಿನ ಹಿಂದೆ ಒಬ್ಬ ಹುಡುಗನಿದ್ದಾನೆ. 1901ರಲ್ಲಿ ಅವನಿಗೆ ಸುಮಾರು 9 ವರ್ಷ. ಸಾತಾರಾ ಕಡೆಯ ಮಸೂರ್ ಅನ್ನುವ ರೈಲ್ವೆ ಸ್ಟೇಷನ್. ಕೋರೇಗಾಂವ್‌ನಲ್ಲಿದ್ದ ಅಪ್ಪನನ್ನು ನೋಡಲು ಅಣ್ಣನ ಜೊತೆ ಹೊರಟಿದ್ದ. ಮಕ್ಕಳು ಅಸ್ಪೃಶ್ಯರು ಎನಿಸಿಕೊಂಡಿದ್ದ ಮಹಾರ್ ಜಾತಿಯವರು ಎಂದು ಗೊತ್ತಾಗುತ್ತಲೇ ಒಬ್ಬ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಒಬ್ಬ ಒಪ್ಪಿದ. ಬಾಡಿಗೆ ಎರಡು ಪಟ್ಟು. ಗಾಡಿ ಮಕ್ಕಳೇ ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆದುಕೊಂಡು ಬರುತ್ತಾನೆ. ಸಾತಾರಾದಲ್ಲಿ ಆ ಮಕ್ಕಳ ಕೂದಲು ಕತ್ತರಿಸಲು ಕ್ಷೌರಿಕನೂ ಬರುತ್ತಿರಲಿಲ್ಲ. ಅಕ್ಕನೇ ಕತ್ತರಿಸುತ್ತಿದ್ದಳು. ಆ ಹುಡುಗ ಡಾ. ಬಿ.ಆರ್. ಅಂಬೇಡ್ಕರ್.

1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಇದೇ ವಿಧಿಯ ಚರ್ಚೆ ನಡೆಯಿತು. 'ಅಂಗಡಿ' ಅಂದರೆ ಏನು, ಲಾಂಡ್ರಿ, ಸಲೂನ್ ಅದರಲ್ಲಿ ಸೇರುತ್ತದಾ ಎಂಬ ಪ್ರಶ್ನೆ ಬಂತು. ಅಂಬೇಡ್ಕರ್ ಉತ್ತರ ಸರಳವಾಗಿತ್ತು. ಸೇವೆ ಬೇಕೆಂದು ಬಂದ ಯಾರಿಗಾದರೂ ಕೊಡಲು ಒಬ್ಬ ತಯಾರಾಗಿ ಕೂತಿದ್ದರೆ ಆ ಜಾಗ ಅಂಗಡಿ. ಸೇವೆ ಕೊಡುವ ಎಲ್ಲರೂ ಅದರಲ್ಲಿ ಬರುತ್ತಾರೆ. ಅಕ್ಕನ ಕೈಯಲ್ಲಿ ಕೂದಲು ಕತ್ತರಿಸಿಕೊಂಡ ಹುಡುಗ 57ನೇ ವಯಸ್ಸಿನಲ್ಲಿ ನಿಂತು ಆ ಮಾತು ಹೇಳಿದ್ದು. ಅದನ್ನು ಓದಿದಾಗಲೆಲ್ಲ ನನ್ನ ಕಣ್ಣು ತುಂಬುತ್ತದೆ.

ನಮ್ಮವರ ಕಥೆಯನ್ನೂ ಹೇಳಲೇಬೇಕು. ಉಡುಪಿ ಹೋಟೆಲ್ ಅಂದರೆ ನಮಗೆ ಹೆಮ್ಮೆ. ಇರಲಿ, ಇರಬೇಕು. ಆದರೆ ದಕ್ಷಿಣದ ಹಳೇ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಸಾಲು ಇರುತ್ತಿತ್ತು, ಉಳಿದವರಿಗೆ ಬೇರೆ. ದಲಿತರಿಗೆ ಎಷ್ಟೋ ಕಡೆ ಬಾಗಿಲೇ ಇರಲಿಲ್ಲ. ಅಸ್ಪೃಶ್ಯತೆಯ ಕಾರಣಕ್ಕೆ ಸೇವೆ ನಿರಾಕರಿಸುವುದು ಅಪರಾಧ ಎಂದು 1955ರಲ್ಲಿ ಕಾನೂನೇ ಬರಬೇಕಾಯಿತು. ಅಂದರೆ 'ನನ್ನ ಹೋಟೆಲ್, ನನ್ನ ಇಷ್ಟ' ಅನ್ನುವ ಮಾತು ಹೊಸದಲ್ಲ. ಅದನ್ನು ಹೇಳಿದವರು ನಮ್ಮಲ್ಲೇ ಇದ್ದರು.

ಈಗ ಅಳಿಯನ ಪ್ರಶ್ನೆ. ಅವನು ಧರ್ಮ ಕೇಳುತ್ತಿಲ್ಲ, ಪಕ್ಷ ಕೇಳುತ್ತಿದ್ದಾನೆ. 15ನೇ ವಿಧಿಯ ಪಟ್ಟಿಯಲ್ಲಿ ರಾಜಕೀಯ ಇಲ್ಲ. ಆ ಲೆಕ್ಕದಲ್ಲಿ ಅವನ ಬೋರ್ಡಿಗೆ ಈ ವಿಧಿ ನೇರವಾಗಿ ಅಡ್ಡ ಬರುವುದಿಲ್ಲ. ಇದನ್ನು ಅವನಿಗೆ ಮುಚ್ಚಿಡಲಿಲ್ಲ.

ಆದರೆ ಒಂದು ಕೇಳಿದೆ. ಬಂದವನು ಯಾವ ಪಕ್ಷ ಎಂದು ಹೇಗೆ ಗೊತ್ತು ಮಾಡುತ್ತೀಯಾ? ಶಾಲು ದಿನಾ ಇರುವುದಿಲ್ಲ. ಆಮೇಲೆ ಭಾಷೆ ನೋಡುತ್ತೀಯಾ, ಹೆಸರು ನೋಡುತ್ತೀಯಾ, ಹಣೆ ನೋಡುತ್ತೀಯಾ, ಗಡ್ಡ ನೋಡುತ್ತೀಯಾ. ನಮ್ಮ ದೇಶದಲ್ಲಿ ಜನ ಎದುರಿಗಿರುವವನ ಪಕ್ಷವನ್ನು ಅವನ ಹೆಸರಿನಿಂದಲೇ ಊಹಿಸುತ್ತಾರೆ. ಪಕ್ಷದ ಮೇಲೆ ಹಾಕಿದ ಬೋರ್ಡ್ ವಾರದೊಳಗೆ ಜಾತಿಯ ಮೇಲೆ, ಧರ್ಮದ ಮೇಲೆ ಹೋಗಿ ಕೂರುತ್ತದೆ. ಇನ್ನೊಂದು ಮಾತು. ಬೋರ್ಡ್ ಬರೆಸುವವನು ನೀನು. ಬಾಗಿಲಲ್ಲಿ ನಿಂತು 'ನಿಮಗೆ ಇಲ್ಲ' ಎಂದು ಹೇಳಬೇಕಾದವನು ಆ ಜಾರ್ಖಂಡಿನ ಹುಡುಗ. ಮುಂದಿನ ಸಲ ಅವರು ಕಾಲರ್ ಹಿಡಿದು ಸುಮ್ಮನಾಗುತ್ತಾರಾ?

ಮುಂಬೈಯ ಕನ್ನಡಿಗರಾದ ನಮಗೆ ಇದು ಬೇಗ ಅರ್ಥ ಆಗಬೇಕು. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ದಕ್ಷಿಣದವರು ಇಲ್ಲಿಂದ ಹೋಗಬೇಕು ಎಂಬ ಕೂಗು ಎದ್ದಿತ್ತು. 1969ರ ಫೆಬ್ರವರಿಯಲ್ಲಿ ಗಡಿ ವಿಷಯಕ್ಕೆ ಗಲಭೆ ಆಯಿತು. ಉಡುಪಿ ಹೋಟೆಲುಗಳ ಗಾಜು ಒಡೆದವು. ನಮ್ಮ ಹಿರಿಯರು ಗಾಜು ಬದಲಿಸಿದರು, ಮತ್ತೆ ಷಟರ್ ಎತ್ತಿದರು. ಕೂಗಿದವರ ಮನೆಯವರೂ ಬಂದು ದೋಸೆ ತಿಂದರು. ಯಾರನ್ನೂ ಕೇಳದೆ ಎಲ್ಲರಿಗೂ ಬಡಿಸಿದ್ದರಿಂದಲೇ ನಾವು ಈ ಊರಿನವರಾದೆವು ಎಂದು ನನ್ನ ನಂಬಿಕೆ.

ಅದಕ್ಕೇ 2022ರ ಮಾರ್ಚ್‌ನಲ್ಲಿ ನನಗೆ ಜಾಸ್ತಿ ನೋವಾಗಿದ್ದು. ಕಾಪು ಮಾರಿಗುಡಿಯ ಸುಗ್ಗಿ ಮಾರಿಪೂಜೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಬಿಡಲಿಲ್ಲ. ಆಮೇಲೆ ಬೇರೆ ಜಾತ್ರೆಗಳಿಗೂ ಅದು ಹಬ್ಬಿತು. ಅದು ನಮ್ಮದೇ ಕರಾವಳಿ. ಅಲ್ಲಿಂದ ಬಂದು ಈ ಊರಿನ ಬೀದಿಬೀದಿಯಲ್ಲಿ ಹೋಟೆಲ್ ಹಾಕಿದವರು ನಾವು. ಇಲ್ಲಿ 'ನೀನು ಹೊರಗಿನವನು' ಅನ್ನಿಸಿಕೊಂಡು ಕಣ್ಣೀರು ಹಾಕಿದ ನಾವು, ಊರಿನಲ್ಲಿ ಅದೇ ಮಾತು ಇನ್ನೊಬ್ಬರಿಗೆ ಹೇಗೆ ಹೇಳುತ್ತೇವೆ?

ಹಾಗಾದರೆ ವ್ಯಾಪಾರಿಗೆ ಮನಸ್ಸಾಕ್ಷಿ ಇರಬಾರದಾ? ಇರಬೇಕು. ದಾದರ್‌ನಲ್ಲಿ ನನ್ನ ಸ್ನೇಹಿತರೊಬ್ಬರ ಪ್ರಿಂಟಿಂಗ್ ಪ್ರೆಸ್ ಇದೆ. ಇನ್ನೊಂದು ಧರ್ಮದವರನ್ನು ಬೈಯುವ ಬ್ಯಾನರ್ ಮಾಡಿಕೊಡಿ ಎಂದು ಯಾರೋ ಬಂದರು. ಅವರು ಆಗಲ್ಲ ಎಂದರು. ಸರಿಯಾಗೇ ಮಾಡಿದರು. ಅದೇ ಮನುಷ್ಯ ಮಗಳ ಮದುವೆ ಪತ್ರಿಕೆಗೆ ಬಂದರೆ ಅಚ್ಚು ಹಾಕಿಕೊಡುತ್ತಾರೆ. ಬೆಲ್‌ಫಾಸ್ಟ್‌ನ ಆಶರ್ಸ್ ಬೇಕರಿಯ ಕೇಸಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ 2018ರಲ್ಲಿ ಹೆಚ್ಚುಕಡಿಮೆ ಇದೇ ಗೆರೆ ಎಳೆಯಿತು. ಸಲಿಂಗ ಮದುವೆಯನ್ನು ಬೆಂಬಲಿಸಿ ಎಂದು ಕೇಕ್ ಮೇಲೆ ಬರೆಯಲು ಬೇಕರಿಯವರು ಒಪ್ಪಿರಲಿಲ್ಲ. ಅವರು ಬೇಡವೆಂದದ್ದು ಆ ಮಾತನ್ನು, ಗಿರಾಕಿಯನ್ನಲ್ಲ ಎಂದಿತು ಕೋರ್ಟ್. ಅವರ ಅಭಿಪ್ರಾಯ ನನಗೆ ಒಪ್ಪಿಗೆಯಿಲ್ಲ. ಗೆರೆ ಒಪ್ಪಿಗೆ. ನನ್ನ ಬಾಯಿಂದ ಇನ್ನೊಬ್ಬರ ಮಾತು ಹೇಳಿಸಬಾರದು. ಆದರೆ ಇಡ್ಲಿ ಯಾರ ಮಾತೂ ಅಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ವಿಷಯ ನನ್ನನ್ನು ಕೊರೆಯುತ್ತದೆ. ಮನೆ. ವರ್ಷಗಳ ಹಿಂದೆ ಘಾಟ್ಕೋಪರ್‌ನಲ್ಲಿ ನಾನು ಬಾಡಿಗೆ ಮನೆ ಹುಡುಕುತ್ತಿದ್ದೆ. ಮೀನು ತಿನ್ನುತ್ತೀರಾ ಎಂದು ಕೇಳಿದರು. ಹೌದು ಎಂದೆ. ಟೋಕನ್ ದುಡ್ಡು ವಾಪಸ್ ಬಂತು. ಆಗ ನನ್ನ ಜೊತೆ ಕೆಲಸ ಮಾಡುತ್ತಿದ್ದ ಭಟ್ಕಳದ ಗೆಳೆಯನಿಗೆ ಮೀನಿನವರೆಗೂ ಮಾತು ಹೋಗುತ್ತಿರಲಿಲ್ಲ. ಹೆಸರು ಹೇಳಿದ ಕೂಡಲೇ ಫೋನ್ ಇಡುತ್ತಿದ್ದರು. ಒಂದೇ ಧರ್ಮದವರಿಗೆ ಮಾತ್ರ ಸದಸ್ಯತ್ವ ಎಂಬ ಪಾರ್ಸಿ ಹೌಸಿಂಗ್ ಸೊಸೈಟಿಯ ನಿಯಮವನ್ನು 2005ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅಂದರೆ ಹತ್ತು ನಿಮಿಷ ಕೂತು ಚಹಾ ಕುಡಿಯಲು ಸಂವಿಧಾನ ನನ್ನ ಗೆಳೆಯನ ಕೈ ಹಿಡಿಯುತ್ತದೆ. ತಲೆ ಮೇಲೊಂದು ಸೂರಿಗೆ ಅವನು ಒಬ್ಬನೇ ಅಲೆಯಬೇಕು. ಇದು ಬದಲಾಗಲೇಬೇಕು.

ಅಳಿಯನಿಗೆ ಕೊನೆಗೆ ಹಳೇ ಇರಾನಿ ಹೋಟೆಲುಗಳ ಬೋರ್ಡ್ ನೆನಪಿಸಿದೆ. ಇಲ್ಲಿ ತಲೆ ಬಾಚಬೇಡಿ, ಜೂಜಿನ ಮಾತಾಡಬೇಡಿ, ಹೀಗೆ ಬರೆದಿರುತ್ತಿದ್ದರು. ಒಳಗೆ ಏನು ಮಾಡಬಾರದು ಅನ್ನುವುದಿತ್ತು. ಯಾರು ಬರಬಾರದು ಅನ್ನುವುದಿರಲಿಲ್ಲ. ಕಾಲರ್ ಹಿಡಿದವನನ್ನು ಹೊರಗೆ ಕಳಿಸಲು ನಿನಗೆ ಪೂರ್ತಿ ಹಕ್ಕಿದೆ, ಅವನ ಶಾಲು ಯಾವ ಬಣ್ಣದ್ದಾದರೂ ಸರಿ ಎಂದೆ. ಪೊಲೀಸ್ ದೂರು ಕೊಡಬೇಕಾ ಎಂದು ಮೊದಲು ಆ ಹುಡುಗನನ್ನು ಕೇಳು ಎಂದೂ ಹೇಳಿದೆ.

ಎರಡು ದಿನ ಅವನು ಫೋನ್ ಮಾಡಲಿಲ್ಲ. ಆಮೇಲೆ ಒಂದು ಫೋಟೋ ಕಳಿಸಿದ. ಗಲ್ಲಾದ ಹಿಂದೆ ಮರಾಠಿ ಮತ್ತು ಹಿಂದಿಯಲ್ಲಿ ಹೊಸ ಬೋರ್ಡ್: 'ಕೆಲಸದವರ ಮೇಲೆ ಕೈ ಮಾಡಿದವರಿಗೆ ಇಲ್ಲಿ ಸರ್ವಿಸ್ ಇಲ್ಲ.' ಹುಡುಗ ದೂರು ಬೇಡ ಅಂದನಂತೆ.

ಆ ನಾಲ್ವರಲ್ಲಿ ಇಬ್ಬರು ಮೊನ್ನೆ ಭಾನುವಾರ ಮತ್ತೆ ಬಂದಿದ್ದರು. ಹುಡುಗ ಆ ಟೇಬಲಿಗೆ ಹೋಗಲಿಲ್ಲ. ಅಳಿಯನೇ ಗಲ್ಲಾ ಬಿಟ್ಟು ಎದ್ದು ಹೋಗಿ ನೀರು ಇಟ್ಟನಂತೆ.