ಗುಮ್ಮಟವನ್ನು ತೂಗುಹಾಕಿ ನೋಡಿದವರು

ಕೇಳುಗರೆಲ್ಲರಿಗೂ ನಮಸ್ಕಾರ.

ವಸ್ತುಸಂಗ್ರಹಾಲಯಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟ ಹಳೆಯ ಕಟ್ಟಡಗಳ ಪುಟ್ಟ ಮಾದರಿಗಳನ್ನು ನೋಡಿರುತ್ತೀರಿ. ಚೆನ್ನಾಗಿದೆ ಅಂದುಕೊಂಡು ಮುಂದಿನ ಕೋಣೆಗೆ ಹೋಗಿರುತ್ತೀರಿ. ಆದರೆ ಕಟ್ಟಡವೊಂದು ಹೇಗೆ ನಿಂತಿದೆ, ಇನ್ನೂ ನಿಂತೀತೇ ಎಂದು ತಿಳಿಯಲು ಮಾದರಿಯನ್ನೇ ಪರೀಕ್ಷೆಗೆ ಒಡ್ಡಿದವರಿದ್ದಾರೆ. ಇವತ್ತಿನ ಮಾತು ಅವರ ಬಗ್ಗೆ.

1740ರ ದಶಕದ ಆರಂಭ. ರೋಮ್‌ನ ಸೇಂಟ್ ಪೀಟರ್ಸ್ ಬೆಸಿಲಿಕಾದ ಗುಮ್ಮಟದಲ್ಲಿ ಬಿರುಕುಗಳು ಕಾಣಿಸಿಕೊಂಡಿದ್ದವು. ಮೂವರು ಗಣಿತಜ್ಞರು ಪರಿಸ್ಥಿತಿ ಗಂಭೀರವಾಗಿದೆ ಎಂದು ವರದಿ ಕೊಟ್ಟರು. ಆಗ ಪೋಪ್ ಅವರು ಪಡುವಾದಿಂದ ಜೊವಾನ್ನಿ ಪೊಲೆನಿ ಎಂಬ ವಿದ್ವಾಂಸರನ್ನು ಕರೆಸಿಕೊಂಡರು. ಪೊಲೆನಿ ಗುಮ್ಮಟವನ್ನು ಕಿತ್ತಳೆಯ ತೊಳೆಗಳ ಹಾಗೆ 50 ಭಾಗವಾಗಿ ಎಣಿಸಿದರು. ಎದುರುಬದುರಿನ ಎರಡು ತೊಳೆ ಸೇರಿದರೆ ಒಂದು ಕಮಾನು. ಆ ಕಮಾನನ್ನು ಕಾಗದದ ಮೇಲೆ 32 ತುಂಡು ಮಾಡಿ, ಒಂದೊಂದು ತುಂಡಿನ ಭಾರಕ್ಕೆ ತಕ್ಕಂತೆ ಒಂದೊಂದು ಸಣ್ಣ ಗುಂಡನ್ನು ಪೋಣಿಸಿ, ಆ ಸರವನ್ನು ಎರಡೂ ತುದಿಯಿಂದ ಇಳಿಬಿಟ್ಟರು. ಇಳಿಬಿದ್ದ ಸರದಲ್ಲಿ ಇರುವುದು ಎಳೆತ ಮಾತ್ರ. ಅದೇ ಬಾಗನ್ನು ತಲೆಕೆಳಗು ಮಾಡಿದರೆ ಒತ್ತಡ ಮಾತ್ರ ಇರುವ ಕಮಾನು ಸಿಗುತ್ತದೆ ಎಂದು ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1675ರಲ್ಲೇ ಕಂಡುಕೊಂಡಿದ್ದರು. ಕಲ್ಲು ಒತ್ತಡವನ್ನು ತಾಳುತ್ತದೆ, ಎಳೆತಕ್ಕೆ ಬಿರಿಯುತ್ತದೆ. ಪೊಲೆನಿಯವರ ಸರದ ರೇಖೆಯನ್ನು ತಿರುಗಿಸಿ ಇಟ್ಟು ನೋಡಿದರೆ, ಅದು ಗುಮ್ಮಟದ ಗೋಡೆಯ ದಪ್ಪದೊಳಗೇ ಹಾದುಹೋಗಿತ್ತು. ಬಿರುಕು ಬಿಟ್ಟಿದ್ದರೂ ಗುಮ್ಮಟ ಬೀಳುವುದಿಲ್ಲ ಎಂದು ಅರ್ಥ. ಹಾಗಿದ್ದೂ ಅವರು ಇನ್ನಷ್ಟು ಕಬ್ಬಿಣದ ಬಳೆಗಳನ್ನು ಬಿಗಿಯುವಂತೆ ಸಲಹೆ ಕೊಟ್ಟರು. ಲೆಕ್ಕ ಸರಿ ಬಂತೆಂದು ಕೈಕಟ್ಟಿ ಕೂರಲಿಲ್ಲವಲ್ಲ, ಅದು ನನಗೆ ಬಹಳ ಹಿಡಿಸುತ್ತದೆ.

ಕೈಯಳತೆಯ ಗುಂಡುಗಳು ಅಷ್ಟು ದೊಡ್ಡ ಗುಮ್ಮಟದ ಬಗ್ಗೆ ಹೇಳಿದ್ದನ್ನು ನಂಬುವುದು ಹೇಗೆ? ಸಂದೇಹ ನ್ಯಾಯವಾದದ್ದೇ. ಗಾತ್ರ ಬದಲಾದರೆ ಬಲ ಅದೇ ಪ್ರಮಾಣದಲ್ಲಿ ಬದಲಾಗುವುದಿಲ್ಲ ಎಂದು ಗೆಲಿಲಿಯೋ 1638ರಲ್ಲಿ ತೋರಿಸಿದ್ದರು. ಕಟ್ಟಡವನ್ನು ಅದೇ ಕಲ್ಲಿನಲ್ಲಿ ಹತ್ತನೇ ಒಂದರಷ್ಟು ಮಾಡಿದರೆ ಭಾರ ಸಾವಿರದಲ್ಲಿ ಒಂದು ಪಾಲಾಗುತ್ತದೆ, ಅದನ್ನು ಹೊರುವ ಕಂಬದ ಅಡ್ಡಕೊಯ್ತ ಮಾತ್ರ ನೂರರಲ್ಲಿ ಒಂದು ಪಾಲು. ಎಂದರೆ ಮಾದರಿಯ ಕಲ್ಲಿಗೆ ಬೀಳುವ ಒತ್ತಡ ಹತ್ತು ಪಟ್ಟು ಕಡಿಮೆ. ಹಾಗಾಗಿ ಮಾದರಿ ನಿಂತಿತು ಎಂದ ಮಾತ್ರಕ್ಕೆ ಕಲ್ಲು ಪುಡಿಯಾಗದು ಎಂದು ಹೇಳಲಾಗದು. ಆದರೆ ಹಳೆಯ ಕಲ್ಲುಕಟ್ಟಡಗಳಲ್ಲಿ ಒತ್ತಡ ಸಾಮಾನ್ಯವಾಗಿ ಕಲ್ಲಿನ ತಾಳಿಕೆಗಿಂತ ಎಷ್ಟೋ ಕೆಳಗಿರುತ್ತದೆ. ಅವು ನಿಲ್ಲುವುದು, ಬೀಳುವುದು ಹೆಚ್ಚಾಗಿ ಆಕಾರದ ಮೇಲೆ. ಆಕಾರವೋ, ಎಷ್ಟು ಚಿಕ್ಕದು ಮಾಡಿದರೂ ಅದೇ. ಈ ವಾದವನ್ನು ಖಚಿತವಾಗಿ ಮಂಡಿಸಿದವರು ಕೇಂಬ್ರಿಡ್ಜ್‌ನ ಎಂಜಿನಿಯರ್ ಜಾಕ್ ಹೇಮನ್.

ಒಳಗಿನ ಒತ್ತಡವನ್ನು ಕಣ್ಣಿಗೇ ಕಾಣಿಸಿದವರು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ರಾಬರ್ಟ್ ಮಾರ್ಕ್. ಅವರು ಫ್ರಾನ್ಸಿನ ಮಧ್ಯಯುಗದ ಗಾಥಿಕ್ ಶೈಲಿಯ ಚರ್ಚುಗಳ ಅಡ್ಡಕೊಯ್ತವನ್ನು ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಕತ್ತರಿಸಿ, ಕಲ್ಲಿನ ಭಾರಕ್ಕೂ ಗಾಳಿಯ ತಳ್ಳಿಕೆಗೂ ಬದಲಾಗಿ ಸಣ್ಣ ತೂಕಗಳನ್ನು ಕಟ್ಟಿ, ಬಿಸಿ ಮಾಡಿ, ನಿಧಾನವಾಗಿ ಆರಿಸುತ್ತಿದ್ದರು. ತೂಕ ತೆಗೆದ ಮೇಲೂ ಒತ್ತಡದ ಗುರುತು ಪ್ಲಾಸ್ಟಿಕ್ಕಿನಲ್ಲಿ ಉಳಿಯುತ್ತದೆ. ಧ್ರುವೀಕರಿಸಿದ, ಎಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕಿನಲ್ಲಿ ಹಿಡಿದರೆ ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಪಟ್ಟೆಗಳು ಒತ್ತೊತ್ತಾಗಿ ಬಂದಲ್ಲಿ ಒತ್ತಡ ಥಟ್ಟನೆ ಬದಲಾಗುತ್ತಿದೆ ಎಂದರ್ಥ. ಆಮಿಯೆನ್ಸ್ ಚರ್ಚಿನ ಆಸರೆಗೋಡೆಗಳ ತುದಿಯಲ್ಲಿ ಚೂಪಾದ ಕಲ್ಲಿನ ಶಿಖರಗಳಿವೆ. ಬರೀ ಅಲಂಕಾರದಂತೆ ಕಾಣುವ ಆ ಶಿಖರಗಳ ಭಾರವು ಆಸರೆಗೋಡೆಯಲ್ಲಿ ಎಳೆತ ಹುಟ್ಟದಂತೆ ತಡೆಯುತ್ತದೆ ಎಂದು ಈ ಪರೀಕ್ಷೆಯಿಂದ ಗೊತ್ತಾಯಿತು.

ಮಾದರಿ ದಾಖಲೆಯೂ ಹೌದು. ನೇಪಲ್ಸ್‌ನಲ್ಲಿ 1861ರಲ್ಲಿ ಶುರುವಾದ, ಜ್ವಾಲಾಮುಖಿಯ ಬೂದಿಯಲ್ಲಿ ಹೂತಿದ್ದ ರೋಮನ್ ನಗರ ಪಾಂಪೆಯ 1:100 ಅಳತೆಯ ಮಾದರಿಯಲ್ಲಿ, ಮೂಲ ಗೋಡೆಗಳಿಂದ ಅಳಿಸಿಹೋದ ಚಿತ್ರಗಳೂ ಇವೆ. ಬಾರ್ಸಿಲೋನಾದ ಸಗ್ರಾದಾ ಫಮೀಲಿಯಾ ಚರ್ಚಿನದು ಇನ್ನೂ ದೊಡ್ಡ ಕಥೆ. ಅದರ ವಾಸ್ತುಶಿಲ್ಪಿ ಗೌಡಿ ಬಿಟ್ಟುಹೋದ ಗಾರೆಯ ಮಾದರಿಗಳನ್ನು 1936ರಲ್ಲಿ ಒಡೆದುಹಾಕಿದರು, ನಕ್ಷೆಗಳೂ ಸುಟ್ಟವು. ಉಳಿದ ಚೂರುಗಳನ್ನು ಹೆಕ್ಕಿ ಜೋಡಿಸುವುದೇ ಮುಂದಿನ ವಾಸ್ತುಶಿಲ್ಪಿಗಳಿಗೆ ದಶಕಗಳ ಕೆಲಸವಾಯಿತು. ಗೌಡಿಯ ಬಾಗಿದ ಮೇಲ್ಮೈಗಳು ಸರಳರೇಖೆಗಳಿಂದಲೇ ಹುಟ್ಟಿದವು, ಕಟ್ಟುನಿಟ್ಟಾದ ಜ್ಯಾಮಿತಿಯವು. ಹಾಗಾಗಿ ಒಂದು ಚೂರನ್ನು ಅಳೆದರೂ ಅದು ಸೇರಿದ್ದ ಇಡೀ ಮೇಲ್ಮೈಯ ಸೂತ್ರವನ್ನು ಹುಡುಕಲು ದಾರಿಯಿತ್ತು. ಇವತ್ತು ಆ ಚರ್ಚಿನ ಒಳಗೆ ನಿಂತು ತಲೆಯೆತ್ತಿದರೆ ಕಾಣುವ ಕಮಾನು ಚಾವಣಿಗಳನ್ನು ಕಟ್ಟಿದ್ದು ಆ ಚೂರುಗಳ ಅಳತೆಯ ಆಧಾರದ ಮೇಲೆ.

ನಮಸ್ಕಾರ.