ಇಪ್ಪತ್ತಹತ್ತು ಎಂದ ಹುಡುಗಿ

ಎಲ್ಲರಿಗೂ ನಮಸ್ಕಾರ. ಊಟ ಮುಗಿಸಿ ಕೂತಿದ್ದೀರಿ, ಕಣ್ಣು ಎಳೆಯುವ ಹೊತ್ತು. ಪುಟ್ಟ ಮಕ್ಕಳಿಗೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕಲಿಸುವ ಬಗ್ಗೆ ಮಾತಾಡಬೇಕು, ಅದಕ್ಕೇ ನೇರವಾಗಿ ಒಂದು ಹುಡುಗಿಯ ವಿಷಯದಿಂದ ಶುರು ಮಾಡುತ್ತೇನೆ.

ಐದೂವರೆ ವರ್ಷದ ಹುಡುಗಿ. ನಮ್ಮ ಮನೆಗೆ ಒಬ್ಬಳೇ ಪಾಠಕ್ಕೆ ಬರುತ್ತಿದ್ದಳು. ಒಂದು ದಿನ ಎಣಿಸುತ್ತ ಎಣಿಸುತ್ತ ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಇಪ್ಪತ್ತಹತ್ತು ಅಂದಳು. ನಿಲ್ಲಲಿಲ್ಲ, ಇಪ್ಪತ್ತಹನ್ನೊಂದು ಅಂತ ಮುಂದಕ್ಕೂ ಹೋದಳು. ಬಾಗಿಲಲ್ಲಿದ್ದ ಅವರಮ್ಮ "ಅಯ್ಯೋ, ಮೂವತ್ತು ಅನ್ನೇ!" ಅಂತ ಗದರಿದರು. ಮಗು ಬಾಯಿ ಮುಚ್ಚಿಕೊಂಡಿತು.

ಆದರೆ ಯೋಚನೆ ಮಾಡಿ. ಇಪ್ಪತ್ತಹತ್ತು ಅನ್ನುವ ಮಾತನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಲ್ವಾ? ಇಪ್ಪತ್ತಕ್ಕೆ ಒಂದೊಂದೇ ಸೇರುತ್ತ ಹೋಗುತ್ತದೆ ಅನ್ನುವ ಲೆಕ್ಕವನ್ನು ಅವಳೇ ಹಿಡಿದಿದ್ದಳು. ತರಗತಿಯಲ್ಲಿ ಎಲ್ಲರೂ ಒಟ್ಟಿಗೆ ಕೂಗುವಾಗ ಈ ತಪ್ಪು ಯಾರ ಕಿವಿಗೂ ಬೀಳುವುದಿಲ್ಲ. ಒಂದೇ ಮಗು ಎದುರಿಗಿದ್ದರೆ ಬೀಳುತ್ತದೆ. ನನ್ನ ಪ್ರಕಾರ ಒಬ್ಬರಿಗೊಬ್ಬರು ಕೂತು ಕಲಿಸುವುದರ ದೊಡ್ಡ ಲಾಭ ಇದೇ. ನಾವು ಅದನ್ನು ಬಿಟ್ಟು, ಸಿಕ್ಕಿದ್ದು ಒಂದೇ ಮಗು ಅಂತ ಪೂರ್ತಿ ಹೊತ್ತು ನಾವೇ ಮಾತಾಡುತ್ತೇವೆ.

ಅವಳಿಗೆ ಮಾಡಿದ್ದು ಇಷ್ಟೇ. ಸುಟ್ಟು ಉಳಿದ ಊದುಬತ್ತಿ ಕಡ್ಡಿಗಳನ್ನು ಹತ್ತು ಹತ್ತರಂತೆ ರಬ್ಬರ್ ಬ್ಯಾಂಡ್ ಹಾಕಿ ಎರಡು ಕಟ್ಟು ಮಾಡಿಸಿದೆ. ಪಕ್ಕದಲ್ಲಿ ಹತ್ತು ಬಿಡಿ ಕಡ್ಡಿ. "ಇದೇ ನೋಡು ನಿನ್ನ ಇಪ್ಪತ್ತಹತ್ತು. ಇವನ್ನೂ ಕಟ್ಟೋಣ್ವಾ?" ಅಂದೆ. ಮೂರನೇ ಕಟ್ಟು ಬಿಗಿದವಳೇ "ಮೂವತ್ತು" ಅಂದಳು.

ಅಕ್ಷರದ ವಿಷಯದಲ್ಲಿ ನಾನೇ ಎಡವಿದ್ದೇನೆ. ಒಬ್ಬ ಹುಡುಗನಿಗೆ ಅ ಆ ಇ ಈ ಅಂತ 49 ಅಕ್ಷರ ಬಾಯಿಪಾಠ ಮಾಡಿಸಿದೆ. ಹಾಡಿನ ಹಾಗೆ ಒಪ್ಪಿಸುತ್ತಿದ್ದ, ನಾನೂ ಬೀಗುತ್ತಿದ್ದೆ. ಆಮೇಲೆ 'ಉ' ಮೇಲೆ ಬೆರಳಿಟ್ಟು ಇದೇನು ಅಂದರೆ, ಪುಣ್ಯಾತ್ಮ 'ಅ'ದಿಂದ ಹೊರಟು ಅಲ್ಲಿಗೆ ಬರುತ್ತಿದ್ದ! ಅವನಿಗೆ ಬರುತ್ತಿದ್ದುದು ಹಾಡು, ಅಕ್ಷರವಲ್ಲ. ನಮ್ಮ ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳಿಗೆ ಆಟ-ಚಟುವಟಿಕೆಯಲ್ಲೇ ಕಲಿಸುವ ನಲಿ ಕಲಿ ಪದ್ಧತಿಯಲ್ಲಿ ರ, ಗ, ಸ, ದ, ಅ ಅಂತ ಶುರು ಮಾಡುವುದು ಸುಮ್ನೆ ಅಲ್ಲ. ಈ ಐದೇ ಅಕ್ಷರಕ್ಕೆ ಸರ, ಅಗಸ, ಅರಸ, ಗರಗಸ ಎಲ್ಲ ಓದಬಹುದು. ಬಡಗಿಯ ಮಗ ಅವನು. ಗರಗಸ ಅಂತ ಓದಿದ ದಿನ "ಇದು ನಮ್ಮಪ್ಪಂದು" ಅಂದ.

1984ರಲ್ಲಿ ಬೆಂಜಮಿನ್ ಬ್ಲೂಮ್ ಎಂಬ ಅಮೆರಿಕದ ಪ್ರೊಫೆಸರ್, ಒಬ್ಬೊಬ್ಬರಾಗಿ ಕಲಿತವರು ತರಗತಿಯಲ್ಲಿ ಕಲಿತವರಿಗಿಂತ ತುಂಬಾ ಮುಂದೆ ಹೋಗುತ್ತಾರೆ ಅಂತ ಬರೆದರು. ಟ್ಯೂಷನ್ ನಡೆಸುವವರಿಗೆ ಕೇಳಲು ಹಿತವಾದ ಮಾತು. ಆದರೆ ಅವರು ಲೆಕ್ಕಕ್ಕೆ ತಗೊಂಡ ಅಧ್ಯಯನದಲ್ಲಿದ್ದವರು ನಾಲ್ಕು, ಐದು, ಎಂಟನೇ ತರಗತಿ ಮಕ್ಕಳು. ಆಮೇಲಿನ ಅಧ್ಯಯನಗಳಲ್ಲಿ ಲಾಭ ಅಷ್ಟು ದೊಡ್ಡದಾಗಿ ಕಾಣಲಿಲ್ಲ. ಹಾಗಾಗಿ ಅದನ್ನು ತೋರಿಸಿ ಐದು ವರ್ಷದ ಮಗುವನ್ನು ಎರಡು ಗಂಟೆ ಕೂರಿಸಬೇಡಿ. ನಾನು ಇಪ್ಪತ್ತು ನಿಮಿಷಕ್ಕೆ ಬಿಟ್ಟುಬಿಡುತ್ತೇನೆ. ಫೀಸು ಕೊಡುವವರು ಮುಖ ಸಿಂಡರಿಸುತ್ತಾರೆ, ಏನು ಮಾಡುವುದು.

ಇನ್ನು ಈ ಚೀಲ. ನಮ್ಮೂರಲ್ಲಿ ಲೆಕ್ಕ ಕಲಿಸಲು ಮಂಡಕ್ಕಿಗಿಂತ ಅಗ್ಗದ ಸಾಮಾನು ಇಲ್ಲ. ಏಳೇಳು ಕಾಳು ಎರಡು ಸಾಲಿಡಿ. ಎರಡೂ ಸಮ ಅಂತ ಮಗು ಒಪ್ಪಿದ ಮೇಲೆ ಒಂದು ಸಾಲನ್ನು ಅಗಲ ಮಾಡಿ. ನಾಲ್ಕೈದು ವರ್ಷದವರು ಬಹಳ ಜನ ಅಗಲವಾದದ್ದರಲ್ಲೇ ಜಾಸ್ತಿ ಇದೆ ಅನ್ನುತ್ತಾರೆ. ಮಕ್ಕಳು ಹೇಗೆ ಯೋಚಿಸುತ್ತಾರೆ ಅಂತ ಅಧ್ಯಯನ ಮಾಡಿದ ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಇದನ್ನು ಬೇರೆ ಸಾಮಾನುಗಳಲ್ಲಿ ಮಾಡಿ ನೋಡಿದ್ದರು. ಮಗು ಹಾಗೆ ಅಂದಾಗ ತಿದ್ದಬೇಡಿ, "ಹೇಗೆ ಗೊತ್ತಾಯ್ತು?" ಅಂತ ಕೇಳಿ, ಆಮೇಲೆ ಸುಮ್ಮನಿರಿ. ಈ ಸುಮ್ಮನಿರುವುದೇ ಕಷ್ಟ.

ಅದಕ್ಕೇ ಈಗ ಇಬ್ಬಿಬ್ಬರಾಗಿ ತಿರುಗಿ ಕೂರಿ. ಒಬ್ಬರು ಮಗು, ಒಬ್ಬರು ಟೀಚರ್. ಟೀಚರ್ ಆದವರು ಮೂರು ನಿಮಿಷ ಪ್ರಶ್ನೆ ಬಿಟ್ಟು ಬೇರೇನೂ ಹೇಳುವಂತಿಲ್ಲ. ಒಗ್ಗರಣೆ ಹಾಕದ ಮಂಡಕ್ಕಿ ಇದು. ಆದರೂ ಎಣಿಸಿ ಮುಗಿಯುವವರೆಗೆ ತಿನ್ನಬೇಡಿ ಆಯ್ತಾ.